ಕಪ್ಪು ಪರದೆಯಲ್ಲಿ ದನಿ ಹುಡುಕುವುದು

ಆಮ್‌ಸ್ಟರ್‌ಡ್ಯಾಮ್‌ನ ದಕ್ಷಿಣದ ಅಂಚಿನಲ್ಲಿ, ಆಮ್‌ಸ್ಟೆಲ್‌ವೇನ್‌ಗೆ ತಾಗಿಕೊಂಡಿರುವ ಬೈಟನ್‌ವೆಲ್ಡರ್ಟ್ ನಮ್ಮಲ್ಲಿ ಹಲವರಿಗೆ ಪರಿಚಿತ ಬಡಾವಣೆ. ಅಲ್ಲಿನ ಡೆ ಬುಲೆಲಾನ್ ರಸ್ತೆಯಲ್ಲಿ ಫ್ರೈಯೆ ವಿಶ್ವವಿದ್ಯಾಲಯವಿದೆ. ಅಲ್ಲಿ ಪಾಠ ಹೇಳುತ್ತಿದ್ದ ಆಂಡ್ರ್ಯೂ ಟನೆನ್‌ಬಾಮ್ 1987ರಲ್ಲಿ ವಿದ್ಯಾರ್ಥಿಗಳಿಗಾಗಿ ಮಿನಿಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದು, ಅದರ ಮೂಲ ಸಾಲುಗಳನ್ನು ಪಠ್ಯಪುಸ್ತಕದಲ್ಲೇ ಅಚ್ಚು ಹಾಕಿಸಿದರು. ಆ ಪುಸ್ತಕ ಓದಿದ ಫಿನ್‌ಲೆಂಡ್‌ನ ಹುಡುಗ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಮಿನಿಕ್ಸ್ ಹಾಕಿದ್ದ ಯಂತ್ರದಲ್ಲೇ ಲಿನಕ್ಸ್ ಕಟ್ಟತೊಡಗಿದ.

ಆ ಲಿನಕ್ಸ್‌ಗೆ ಮೊದಲು ದನಿಯೇ ಇರಲಿಲ್ಲ. ದನಿ ಕೊಟ್ಟವರು ಇನ್ನೊಬ್ಬ ಫಿನ್ನಿಶ್ ಪ್ರೋಗ್ರಾಮರ್ ಹನ್ನು ಸವೊಲೈನೆನ್. ಅವರು 1992ರ ಹೊತ್ತಿಗೆ ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಚಾಲಕ ತಂತ್ರಾಂಶ ಬರೆದರು. ಅದೇ ಬೆಳೆದು ಓಪನ್ ಸೌಂಡ್ ಸಿಸ್ಟಮ್ ಆಯಿತು. ಆದರೆ ಅಗ್ಗದ ಕಾರ್ಡುಗಳಲ್ಲಿ ಒಂದು ಪ್ರೋಗ್ರಾಮ್ ಹಾಡುತ್ತಿದ್ದರೆ ಇನ್ನೊಂದು ಕಾಯಬೇಕಿತ್ತು. ಝೆಕ್ ದೇಶದ ಯಾರೊಸ್ಲಾವ್ ಕೈಸೆಲಾ ಅವರಿಗೆ ತಮ್ಮ ಗ್ರೇವಿಸ್ ಅಲ್ಟ್ರಾಸೌಂಡ್ ಕಾರ್ಡಿನ ಚಾಲಕ ಸಾಲದೆನಿಸಿ, 1998ರಲ್ಲಿ ಆಲ್ಸಾ ಯೋಜನೆ ಶುರುಮಾಡಿದರು. 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್‌ನೊಂದಿಗೆ ಆಲ್ಸಾವೇ ಮುಖ್ಯವಾಯಿತು.

ಅದರ ಜೊತೆಗೇ ಬಂದದ್ದು ಆಲ್ಸಾಮಿಕ್ಸರ್. ಟಿಮ್ ಯಾನಿಕ್ ಮತ್ತು ಕೈಸೆಲಾ ಮೊದಲು ಬರೆದದ್ದು, 2009ರಲ್ಲಿ ಕ್ಲೆಮೆನ್ಸ್ ಲಾಡಿಶ್ ಹೊಸದಾಗಿ ಬರೆದರು. ಮೌಸ್ ಬೇಡ, ಕಿಟಕಿ ಬೇಡ. ಕಪ್ಪು ಪರದೆಯ ಮೇಲೆ ಅಕ್ಷರಗಳಲ್ಲೇ ಕಟ್ಟಿದ ಕಂಬಗಳು ಮಾಸ್ಟರ್, ಹೆಡ್‌ಫೋನ್, ಸ್ಪೀಕರ್, ಮೈಕ್ ಎಂದು ಸಾಲಾಗಿ ನಿಲ್ಲುತ್ತವೆ. ಎಡ-ಬಲ ಬಾಣದ ಕೀಲಿಯಿಂದ ಕಂಬ ಆರಿಸಿ, ಮೇಲೆ-ಕೆಳಗೆ ಒತ್ತಿ ದನಿ ಏರಿಸಿ ಇಳಿಸಬಹುದು. ಕಂಬದ ಕೆಳಗೆ ಎರಡು ಎಂ ಕಂಡರೆ ಆ ದಾರಿ ಮುಚ್ಚಿದೆ. ಎಂ ಕೀಲಿ ಒತ್ತಿದರೆ ತೆರೆಯುತ್ತದೆ. ಎಫ್6 ಒತ್ತಿದರೆ ಬೇರೆ ಸೌಂಡ್ ಕಾರ್ಡ್.

ಹೊಸದಾಗಿ ಆಲ್ಸಾ ಹಾಕಿದವರನ್ನು ಗೋಳುಹೊಯ್ದುಕೊಂಡದ್ದು ಈ ಎಂ. ಎಲ್ಲ ದಾರಿಗಳೂ ಮೊದಲಿಗೆ ಮುಚ್ಚಿಯೇ ಇರುತ್ತಿದ್ದವು. ಏಕಾಏಕಿ ಸ್ಪೀಕರ್ ಕಿರುಚದಿರಲಿ ಎಂಬ ಎಚ್ಚರಿಕೆ ಸರಿಯೇ. ಆದರೆ ಎಲ್ಲ ಸರಿಯಾಗಿ ಕೂತಿದ್ದರೂ ಯಂತ್ರ ಮೌನವಾಗಿರುತ್ತಿತ್ತು. ಚಾಲಕ ಕೆಟ್ಟಿದೆ ಎಂದುಕೊಂಡು ಇಡೀ ಲಿನಕ್ಸನ್ನೇ ಮರಳಿ ಹಾಕಿದವರೂ ಇದ್ದರು.

ಆಮೇಲೆ ಕಾರ್ಡಿಗೂ ನಮಗೂ ನಡುವೆ ಇನ್ನೊಂದು ಪದರ ಬಂತು. ಮೊದಲು ಪಲ್ಸ್‌ಆಡಿಯೊ, 2007ರಲ್ಲಿ ಫೆಡೋರಾ 8ರಲ್ಲಿ ನೆಲೆಯಾದದ್ದು. 2021ರ ಫೆಡೋರಾ 34ರಿಂದ ಅದರ ಜಾಗದಲ್ಲಿ ವಿಮ್ ಟೈಮನ್ಸ್ ಅವರ ಪೈಪ್‌ವೈರ್. ಹಲವು ಪ್ರೋಗ್ರಾಮ್‌ಗಳ ದನಿಯನ್ನು ಇವು ಬೆರೆಸುತ್ತವೆ. ನನ್ನ ಮಟ್ಟಿಗೆ ಇದು ಸುಖವೇ, ಆದರೆ ಒಂದು ತಕರಾರಿದೆ: ಪರದೆಯ ಮೂಲೆಯ ಗುಂಡಿ ನೂರು ಎನ್ನುತ್ತಿರುವಾಗಲೇ ಕೆಳಗೆ ಕಾರ್ಡಿನಲ್ಲಿ ಸ್ಪೀಕರ್ ಕಂಬ ಮುಚ್ಚಿರಬಹುದು. ಆಗ ಆಲ್ಸಾಮಿಕ್ಸರ್ ತೆರೆದು, ಎಫ್6ರಿಂದ ನಿಜವಾದ ಕಾರ್ಡನ್ನೇ ಆರಿಸಿದರೆ ಮಾತ್ರ ಸಂಗತಿ ಗೊತ್ತಾಗುತ್ತದೆ.

ಕಣ್ಣು ಕಾಣುವ ನಮಗೆ ಇದು ಐದು ನಿಮಿಷದ ಕಿರಿಕಿರಿ. ಕಾಣದವರಿಗೆ ಹಾಗಲ್ಲ. ಅವರು ಯಂತ್ರ ನಡೆಸುವುದು ಪರದೆ ಓದುವ ತಂತ್ರಾಂಶದಿಂದ. ಈಸ್ಪೀಕ್ ಕನ್ನಡವನ್ನೂ ಓದುತ್ತದೆ. ದನಿ ಹೋದರೆ ಅವರಿಗೆ ಪರದೆಯೇ ಹೋದಂತೆ, ದನಿ ಸರಿಮಾಡುವ ಗುಂಡಿ ಎಲ್ಲಿದೆ ಎಂದು ಹೇಳುವ ದನಿಯೂ ಇಲ್ಲ. ಆಲ್ಸಾಮಿಕ್ಸರ್‌ನ ಚಂದದ ಕಂಬಗಳು ಇಲ್ಲಿ ಕೆಲಸಕ್ಕೆ ಬಾರವು. ಕೈಹಿಡಿಯುವುದು ಅದರ ಸಾದಾ ತಮ್ಮ, ಎ-ಮಿಕ್ಸರ್. ಚಿತ್ರವಿಲ್ಲ, ಕಂಬವಿಲ್ಲ, ಒಂದೇ ಸಾಲಿನ ಆಜ್ಞೆ: ಎ-ಮಿಕ್ಸರ್ ಸೆಟ್ ಮಾಸ್ಟರ್ ಅನ್‌ಮ್ಯೂಟ್. ಬಾಯಿಪಾಠ ಮಾಡಿಟ್ಟುಕೊಂಡರೆ ನಿಶ್ಶಬ್ದದಲ್ಲೂ ಬೆರಳುಗಳೇ ಅದನ್ನು ಟೈಪ್ ಮಾಡುತ್ತವೆ. ಮಾಸ್ಟರ್ ತೆರೆದರೂ ದನಿ ಬರದಿದ್ದರೆ ಆ ಪದದ ಜಾಗದಲ್ಲಿ ಸ್ಪೀಕರ್ ಎಂದು, ಆಮೇಲೆ ಹೆಡ್‌ಫೋನ್ ಎಂದು ಹಾಕಿ ಮತ್ತೆ ಎಂಟರ್ ಒತ್ತಬೇಕು.