ಕೊಟ್ಟದ್ದೂ ಉಂಟು

ಯಾದಗಿರಿ ಸೀಮೆಯ ರಾಮಸಮುದ್ರದಲ್ಲಿ ಕನ್ನಡವೂ ದಖ್ಖನಿ ಉರ್ದುವೂ ಕಿವಿಗೆ ಬೀಳುತ್ತವೆ. ಒಂದು ದ್ರಾವಿಡ ಕುಲದ್ದು, ಇನ್ನೊಂದು ಆರ್ಯ ಕುಲದ್ದು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಇಲ್ಲಿ ಸರ್ಕಾರಿ ಭಾಷೆ ಉರ್ದು. ಮೇಲಿನ ತರಗತಿಗಳನ್ನು ಉರ್ದುವಿನಲ್ಲೇ ಓದಿದ ನನ್ನ ಮುತ್ಯಾ ಕನ್ನಡ ಬರೆಯಲು ಕೊನೆಯವರೆಗೂ ತಡವರಿಸಿದರು. ಆ ನೋವಿನಿಂದಲೋ ಏನೋ, ಅರ್ಜಿ, ವಕೀಲ, ಜಮೀನು, ಹಾಜರು ಎಂಬ ಮಾತುಗಳೆಲ್ಲ ನಮ್ಮ ಮೇಲೆ ಹೇರಿದವೆಂದೇ ನಾನು ಬಹುಕಾಲ ಎಣಿಸಿದ್ದೆ. ಅವು ಮೈಸೂರಿನ ಕನ್ನಡದಲ್ಲೂ ಇವೆ ಎಂಬುದನ್ನು ಮರೆತು!

ಕ್ಯಾಂಟನೀಸ್, ವಿಯೆಟ್ನಾಮೀ ಭಾಷೆಗಳೂ ಹೀಗೆಯೇ ಬೇರೆ ಬೇರೆ ಕುಲದವು. ಆದರೂ ಚೀನಾದ ದೊರೆತನದ ಫಲವಾಗಿ ನಾಡಿಗೆ ಒಂದರಲ್ಲಿ 'ಗ್ವೋಕ್', ಇನ್ನೊಂದರಲ್ಲಿ 'ಕ್ವೋಕ್'.

ಪದಗಳ ಸಾಲ ಕಣ್ಣಿಗೆ ಕಾಣುತ್ತದೆ. ವಾಕ್ಯದ ಸಾಲ ಕಾಣುವುದಿಲ್ಲ. 'ಬರುತ್ತೇನೆ ಅಂತ ಹೇಳಿದ' ಎನ್ನುವುದಕ್ಕೆ ದೆಹಲಿಯ ಉರ್ದು 'ಉಸ್‌ನೇ ಕಹಾ ಕಿ ಆವೂಂಗಾ' ಎನ್ನುತ್ತದೆ. ಹೇಳಿದ್ದು ಮೊದಲು, ಮಾತು ಆಮೇಲೆ. ದಖ್ಖನಿಯಲ್ಲಿ 'ಆತೂಂ ಬೋಲ್‌ಕೆ ಬೋಲಾ'. ಆ 'ಬೋಲ್‌ಕೆ' ನಮ್ಮ 'ಅಂತ'ವೇ! (ತೆಲುಗಿನ 'ಅನಿ'ಗೂ ಇದರಲ್ಲಿ ಪಾಲುಂಟು.) ಪದ ಅವರದು, ಕಟ್ಟಡ ನಮ್ಮದು.

ಮುತ್ಯಾ ಸಂತೆಯಲ್ಲಿ 'ಬೋಲ್‌ಕೆ' ಎಂದೇ ಮಾತಾಡುತ್ತಿದ್ದರು. ಶಾಲೆಯ ಮಾಸ್ತರರು ಎಷ್ಟು ತಿದ್ದಿದರೂ ಅದು ಹೋಗಲಿಲ್ಲವಂತೆ.