ಬಂದಳಿಕೆಯ ಶಾಸನ ಮತ್ತು ಮೂಗಿನ ಟ್ಯೂಬು

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆ. ಹಿಂದಿನ ವರ್ಷ ಅಲ್ಲಿ ಅಜ್ಜಿ ಊಟ ಬಿಟ್ಟಳು. ತೊಂಬತ್ತರ ಹತ್ತಿರದ ವಯಸ್ಸು. ಗಂಜಿ ಹಿಡಿದರೆ ತುಟಿ ಬಿಗಿದು, "ಸಾಕು ಕಣೋ" ಅನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ಮೂಗಿಗೆ ಟ್ಯೂಬು ಹಾಕಿದರು. ಎರಡು ಸಲ ಕಿತ್ತಳು. ಮೂರನೇ ಸಲ ಅವಳ ಕೈ ಕಟ್ಟಿದರು. ಕಟ್ಟಿ ಎಂದವರಲ್ಲಿ ನಾನೂ ಒಬ್ಬ.

ಆಗ ನಾನು ಓದುತ್ತಿದ್ದದ್ದು ನಮ್ಮದೇ ಜಿಲ್ಲೆಯ ಶಾಸನಗಳನ್ನು. ಬಿ.ಎಲ್. ರೈಸ್ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದಿದೆ. ಕಾಲ 10ನೇ ಶತಮಾನದ ಆರಂಭ, ರಾಷ್ಟ್ರಕೂಟ ಎರಡನೇ ಕೃಷ್ಣನ ಆಳ್ವಿಕೆ. ನಾಗರಖಂಡದ ನಾಳ್ಗಾವುಂಡ ನಾಗಾರ್ಜುನ ತೀರಿಕೊಂಡಾಗ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಡಳಿತ ನಡೆಸುತ್ತಿದ್ದ ಅವಳಿಗೆ ಕಾಯಿಲೆ ಹತ್ತಿತು. ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ಕೈಗೊಂಡು ಪ್ರಾಣ ಬಿಟ್ಟಳು.

ಶ್ರವಣಬೆಳಗೊಳದ ಚಂದ್ರಗಿರಿಯ ನಿಸಿದಿಗಳನ್ನು ನೋಡಿದವರಿಗೆ ಇದು ಹೊಸದಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಕಾಯಿಲೆಯ ಮಾತು. ಸಮಂತಭದ್ರನ 'ರತ್ನಕರಂಡಕ ಶ್ರಾವಕಾಚಾರ' ಸಲ್ಲೇಖನಕ್ಕೆ ಒಪ್ಪುವ ಕಾರಣಗಳು ಉಪಸರ್ಗ, ಬರಗಾಲ, ಮುಪ್ಪು ಮತ್ತು ಪರಿಹಾರವಿಲ್ಲದ ರೋಗ. ಆಗಲೂ ಬಂಧುಗಳನ್ನು ಕ್ಷಮಿಸಿ, ಅವರಿಂದ ಕ್ಷಮೆ ಕೇಳಿ, ಅನ್ನದಿಂದ ಪಾನಕ್ಕೆ, ಪಾನದಿಂದ ಬಿಸಿನೀರಿಗೆ, ಕೊನೆಗೆ ಉಪವಾಸಕ್ಕೆ ಇಳಿಯಬೇಕು. ಬೇಗ ಸಾಯಬೇಕೆಂಬ ಆಸೆ ಕೂಡ ವ್ರತಭಂಗವೇ. ಆದ್ದರಿಂದ ಇದನ್ನು ದಯಾಮರಣ ಎನ್ನುವುದನ್ನು ಜೈನರು ಒಪ್ಪುವುದಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಕ್ಯಾಥೊಲಿಕರ ದಾರಿ ಬೇರೆ. ಅಸಾಧಾರಣ ಚಿಕಿತ್ಸೆಯನ್ನು ಮುಂದುವರಿಸಲೇಬೇಕೆಂದಿಲ್ಲ ಎಂದು ಪೋಪ್ 12ನೇ ಪಿಯುಸ್ 1957ರಲ್ಲೇ ಹೇಳಿದ್ದರು. ಆದರೆ 2004ರಲ್ಲಿ ಎರಡನೇ ಜಾನ್ ಪಾಲ್, ಅನ್ನ-ನೀರು ಟ್ಯೂಬಿನಲ್ಲಿ ಹೋದರೂ ಅದು ಚಿಕಿತ್ಸೆಯಲ್ಲ, ಸಹಜ ಆರೈಕೆ ಎಂದರು. ನೆದರ್ಲೆಂಡ್ಸ್‌ನಲ್ಲಿ 2002ರಿಂದ, ನಿಗದಿತ ಷರತ್ತುಗಳು ಪೂರೈಸಿದ್ದರೆ, ವೈದ್ಯರೇ ಮರಣಕ್ಕೆ ನೆರವಾಗಬಹುದು. ನನಗೆ ಅಷ್ಟು ದೂರದ ಪ್ರಶ್ನೆ ಇರಲಿಲ್ಲ. ಟ್ಯೂಬಿನೊಳಗೆ ಹೋಗುತ್ತಿದ್ದ ಗಂಜಿನೀರು ಊಟವೋ, ಔಷಧಿಯೋ?

ಈ ಪ್ರಶ್ನೆ ನಮ್ಮ ದೇಶದ ಕೋರ್ಟಿಗೆ ಬಂದದ್ದೂ ಕನ್ನಡದ ಹೆಣ್ಣುಮಗಳೊಬ್ಬಳ ಮೂಲಕ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ನಡೆದ ಹಲ್ಲೆಯ ನಂತರ ಪ್ರಜ್ಞೆಯ ಲೋಕಕ್ಕೆ ಮರಳಲೇ ಇಲ್ಲ. ಆಹಾರ ನಿಲ್ಲಿಸಿ ಮುಕ್ತಿ ಕೊಡಿ ಎಂದು ಲೇಖಕಿ ಪಿಂಕಿ ವಿರಾನಿ ಕೇಳಿದರು. ನೋಡಿಕೊಳ್ಳುತ್ತಿದ್ದ ನರ್ಸ್‌ಗಳು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಅಷ್ಟು ವರ್ಷ ಉಣ್ಣಿಸಿದ ಆಸ್ಪತ್ರೆಯವರದು ಎಂದಿತು. ಆದರೆ ಅದೇ ತೀರ್ಪಿನಲ್ಲಿ ಪರೋಕ್ಷ ದಯಾಮರಣಕ್ಕೆ ಬಾಗಿಲನ್ನೂ ತೆರೆಯಿತು. ಅರುಣಾ ತೀರಿಕೊಂಡದ್ದು 2015ರ ಮೇ 18ರಂದು.

ಜಕ್ಕಿಯಬ್ಬೆಗೆ ತಾನೇ ಹೇಳುವ ಶಕ್ತಿಯಿತ್ತು, ಅಧಿಕಾರವೂ ಇತ್ತು. ಅರುಣಾಗೆ ಮಾತೇ ಇರಲಿಲ್ಲ. ನಮ್ಮಜ್ಜಿ ಹೇಳಿದ್ದಳು, ನಾವು ಅದನ್ನು ಕಾಯಿಲೆಯ ಮಾತು ಅಂದುಕೊಂಡೆವು. ಹಾಗಿದ್ದರೂ ಇರಬಹುದು. ಶಾಸನ ಬರೆಸಿದವರಿಗೆ ವ್ರತ ಯಾವುದು, ದಣಿವು ಯಾವುದು ಎಂಬ ಅನುಮಾನ ಕಾಡಿದಂತಿಲ್ಲ. ಅನುಮಾನವನ್ನು ಕಲ್ಲಿನಲ್ಲಿ ಯಾರು ಕೆತ್ತಿಸುತ್ತಾರೆ?

2018ರ ಮತ್ತು 2023ರ ಸುಪ್ರೀಂ ಕೋರ್ಟ್ ಆದೇಶಗಳನ್ನು ಅನುಸರಿಸಿ 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಸುತ್ತೋಲೆ ಹೊರಡಿಸಿದೆ. ಚಿಕಿತ್ಸೆ ನಿಲ್ಲಿಸಲು ಮೂವರು ವೈದ್ಯರ ಎರಡು ಮಂಡಳಿಗಳು ಒಂದಾದ ಮೇಲೊಂದು ಒಪ್ಪಬೇಕು. ಮಾತು ಹೋದ ಮೇಲೆ ತನ್ನ ಪರವಾಗಿ ನಿರ್ಧರಿಸುವವರ ಹೆಸರನ್ನು ಮೊದಲೇ ಬರೆದಿಡಲೂಬಹುದು.

ಅಪ್ಪ ಮೊನ್ನೆ ಪೇಪರ್ ಓದುತ್ತಾ, "ನಿನ್ನ ಹೆಸರು ಬರೀಲೇನೋ?" ಎಂದರು. ನಾನಿನ್ನೂ ಉತ್ತರ ಕೊಟ್ಟಿಲ್ಲ.