ಹಣೆಯ ಬರಹವೂ ಅನ್ನದ ದಾರಿಯೂ

ಕಳೆದ ಬೇಸಗೆಯ ಒಂದು ಸಂಜೆ, ಹಿಂದೆ ನನ್ನಲ್ಲಿ ನಾಲ್ಕನೆಯ ತರಗತಿ ಓದಿದ ಹುಡುಗನೊಬ್ಬನು ಬೇಗೂರಿನ ನಮ್ಮ ಮನೆಗೆ ಬಂದನು. ಸೈನ್ಯದ ಭರ್ತಿಗೆಂದು ಹೋಗಿದ್ದವನು. ಓಟದಲ್ಲಿ ಗೆದ್ದು, ಎತ್ತರ ಎದೆಯಳತೆಗಳಲ್ಲಿ ತೇರ್ಗಡೆಯಾಗಿ, ಕೊನೆಗೆ ಕತ್ತಿನ ಮೇಲಿದ್ದ ಹಚ್ಚೆಯ ದೆಸೆಯಿಂದ ಹಿಂದಿರುಗಿದ್ದನು. ಆ ಹಚ್ಚೆ ಮತ್ತೇನೂ ಅಲ್ಲ. ಅವನ ತಾಯಿಯ ಹೆಸರು. ಮೊದಲ ಕೂಲಿಯ ಹಣದಲ್ಲಿ ಮೈಸೂರಿನಲ್ಲಿ ಹಾಕಿಸಿಕೊಂಡದ್ದು. “ಇದರಲ್ಲಿ ತಪ್ಪೇನಿದೆ, ಮಾಷೇ?” ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬಳಿಕ ಚರಿತ್ರೆಯ ಪುಟಗಳನ್ನು ತಿರುವಿದಾಗ, ಮೈಮೇಲಿನ ಗುರುತಿಗೂ ಹೊಟ್ಟೆಯ ಪಾಡಿಗೂ ಇರುವ ನಂಟು ಇಂದು ನಿನ್ನೆಯದಲ್ಲವೆಂಬುದು ಕಂಡುಬಂದಿತು.

ಹಣೆಬರಹವನ್ನು ಬ್ರಹ್ಮನು ಬರೆಯುತ್ತಾನೆಂದು ನಾವು ಹೇಳುವುದುಂಟು. ಕುಂಪಣಿ ಸರಕಾರವು ಆ ಕೆಲಸವನ್ನು ಸೂಜಿಯಿಂದ ಮಾಡಿಸಿತು. ಜೀವಾವಧಿ ಶಿಕ್ಷೆಗೊಳಗಾದವರ ಹಣೆಯ ಮೇಲೆ ಅವರ ಅಪರಾಧವನ್ನೂ ಶಿಕ್ಷೆಯ ದಿನಾಂಕವನ್ನೂ ದೇಶಭಾಷೆಯಲ್ಲಿ ಚುಚ್ಚಿಸಬೇಕೆಂದು ಬಂಗಾಳದಲ್ಲಿ 1797ರಲ್ಲಿ ಶಾಸನವಾಯಿತು. ಇದಕ್ಕೆ ‘ಗೋದನಾ’ ಎಂದು ಹೆಸರು. ಅನಂತರ ಈ ಪದ್ಧತಿ ಮದರಾಸು ಆಧಿಪತ್ಯಕ್ಕೂ ಬಂದಿತು. ಮಲಬಾರು 1800ರಲ್ಲಿಯೇ ಮದರಾಸಿಗೆ ಸೇರಿತ್ತಾದುದರಿಂದ ನಮ್ಮ ವಯನಾಡಿನ ಬೆಟ್ಟಗಳೂ ಆ ಆಡಳಿತಕ್ಕೆ ಒಳಪಟ್ಟಿದ್ದುವು. ಓಡಿಹೋದ ಕೈದಿಯನ್ನು ಯಾರೂ ಇರಗೊಡಬಾರದು, ಯಾರೂ ಕೆಲಸಕ್ಕಿಟ್ಟುಕೊಳ್ಳಬಾರದು ಎಂಬುದೇ ಇದರ ಹುರುಳು. ಮುಂಡಾಸನ್ನು ಹುಬ್ಬಿನವರೆಗೆ ಇಳಿಸಿ ಕಟ್ಟಿಕೊಂಡು ಬಾಳುವುದೊಂದೇ ಅಂಥವರಿಗೆ ಉಳಿದ ಉಪಾಯ. 1849ರಲ್ಲಿ ಈ ಶಿಕ್ಷೆ ರದ್ದಾಯಿತು. ಆದರೆ ಆಗಲೇ ಚುಚ್ಚಿದ್ದನ್ನು ಅಳಿಸುವ ಶಾಸನವೆಲ್ಲಿದೆ?

ಹೀಗೆ ಒಬ್ಬರ ಹಣೆಯ ಮೇಲೆ ಬರೆಸಿದ ಸರಕಾರವೇ ಮತ್ತೊಬ್ಬರ ಹಣೆಯ ಮೇಲಿದ್ದುದನ್ನು ಅಳಿಸಲು ಹೊರಟದ್ದು ವಿಚಿತ್ರವಾದ ಸಂಗತಿ. 1805ರ ನವೆಂಬರ್ 30ರಂದು ಪುಲ್ಪಳ್ಳಿಯ ಸಮೀಪದಲ್ಲಿ ಪಳಶ್ಶಿರಾಜನು ಮಡಿದನೆಂಬುದನ್ನು ಇಲ್ಲಿನ ಮಕ್ಕಳೂ ಬಲ್ಲರು. ಅದೇ ತಿಂಗಳಲ್ಲಿ ಮದರಾಸು ಸೈನ್ಯದಲ್ಲಿ ಹೊಸ ಕಟ್ಟಳೆಗಳು ಹೊರಟುವು. ಸೇನಾಧಿಪತಿ ಸರ್ ಜಾನ್ ಕ್ರಾಡಕ್. ಸಮವಸ್ತ್ರದಲ್ಲಿರುವಾಗ ಸಿಪಾಯಿಯು ನಾಮ ವಿಭೂತಿಗಳನ್ನು ಇಡಕೂಡದು, ಕಿವಿಗೆ ಒಂಟಿ ಹಾಕಕೂಡದು, ಗಡ್ಡ ಬೋಳಿಸಬೇಕು, ಮೀಸೆ ಒಂದೇ ಮಾದರಿಯಲ್ಲಿರಬೇಕು, ಚರ್ಮದ ತುರಾಯಿಯ ಹೊಸ ರುಮಾಲು ಧರಿಸಬೇಕು. ಹೊಟ್ಟೆಪಾಡಿಗೆ ಸೈನ್ಯ ಸೇರಿದವನು ಕಿವಿಯ ಒಂಟಿಗಾಗಿ ಕೆಲಸ ಕಳೆದುಕೊಳ್ಳುವನೇ ಎಂದು ಅಧಿಕಾರಿಗಳು ಭಾವಿಸಿದ್ದಿರಬೇಕು. ವೆಲ್ಲೂರಿನಲ್ಲಿ ರುಮಾಲನ್ನು ನಿರಾಕರಿಸಿದವರಿಗೆ ಚಾಟಿಯೇಟೂ ವಜಾ ಶಿಕ್ಷೆಯೂ ದೊರೆತುವು. ಟೀಪೂ ಸುಲ್ತಾನನ ಮಕ್ಕಳನ್ನು ಇರಿಸಿದ್ದ ಅದೇ ಕೋಟೆಯಲ್ಲಿ 1806ರ ಜುಲೈ 10ರ ನಸುಕಿನಲ್ಲಿ ದಂಗೆಯೆದ್ದಿತು. ಆರ್ಕಾಟಿನಿಂದ ಧಾವಿಸಿದ ಕುದುರೆಪಡೆಯು ಅಂದೇ ಅದನ್ನು ಅಡಗಿಸಿತು. ನೂರಾರು ಸಿಪಾಯಿಗಳು ಸತ್ತರು. ಕಟ್ಟಳೆಗಳು ರದ್ದಾದುವು, ಕ್ರಾಡಕನನ್ನೂ ಗವರ್ನರ್ ಬೆಂಟಿಂಕನನ್ನೂ ಇಂಗ್ಲೆಂಡಿಗೆ ಹಿಂದೆ ಕರೆಸಿಕೊಂಡರು. ದಂಗೆಗೆ ಬೇರೆ ಕಾರಣಗಳೂ ಇದ್ದುವು, ನಿಜ. ಆದರೆ ಕಿಡಿ ಹೊತ್ತಿದ್ದು ರುಮಾಲಿನಿಂದ, ನಾಮದಿಂದ, ಒಂಟಿಯಿಂದ.

ಹಚ್ಚೆ ಹುಯ್ಯುವ ನಮ್ಮ ಕೊರವಂಜಿಯರ ಕತೆಯೂ ಇಲ್ಲಿ ಹೇಳತಕ್ಕದ್ದೇ. ಸೂಜಿಗಳ ಕಟ್ಟು, ದೀಪದ ಕಾಡಿಗೆ, ಹಸುರೆಲೆಯ ರಸ ಇಷ್ಟೇ ಅವರ ಬಂಡವಾಳ. ಸತ್ತಾಗ ಒಡವೆಯನ್ನೆಲ್ಲ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಂಥ ಕಸುಬಿನ ಕೊರವರಲ್ಲಿ ಹಲವು ಪಂಗಡಗಳನ್ನು 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟುಗಳ್ಳರೆಂದು ಪಟ್ಟಿಮಾಡಿತು. ಪರರ ಕೈಗೆ ಚಿತ್ರ ಬರೆದವರ ಬೆರಳಚ್ಚುಗಳನ್ನು ಠಾಣೆಯಲ್ಲಿ ತೆಗೆದುಕೊಂಡರು. 1952ರಲ್ಲಿ ಆ ಕಾಯಿದೆ ಹೋಯಿತು. ಊರವರ ಸಂಶಯ ಅಷ್ಟು ಬೇಗ ಹೋಗಲಿಲ್ಲ.

ನಮ್ಮ ವಯನಾಡಿಗೇ ಬರೋಣ. ಮಾನಂತವಾಡಿಯ ಬಳಿಯ ವಳ್ಳಿಯೂರ್ಕಾವಿನ ಉತ್ಸವದಲ್ಲಿ ಪಣಿಯರನ್ನೂ ಅಡಿಯರನ್ನೂ ಜಮೀನುದಾರರು ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದರು. ಓಲೆಯ ಸುರುಳಿಗೆ ಮೇಣ ಮೆತ್ತಿ ಗುಲಗಂಜಿ ಕೂರಿಸಿದ ಓಲೆಯನ್ನು ಅಗಲವಾದ ಕಿವಿಯ ತೂತಿನಲ್ಲಿ ಧರಿಸುವುದು ಪಣಿಯ ಹೆಂಗಸರ ಚೆಲುವು. ಅಂದು ಆ ಕಿವಿ ಕಂಡರೆ ಜೀತದಾಳೆಂದು ತಿಳಿಯುತ್ತಿದ್ದರು. ಜೀತವು 1976ರ ಕಾಯಿದೆಯಿಂದ ನಿಷಿದ್ಧವಾಯಿತು. ಇಂದು ಪಟ್ಟಣದ ಜವಳಿ ಅಂಗಡಿಗೆ ಕೆಲಸ ಕೇಳಲು ಹೋಗುವ ಹೆಂಗಸು ಆ ಕಿವಿಯನ್ನು ಕೂದಲಿನಿಂದ ಮುಚ್ಚಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಚುಚ್ಚದ, ಕೊರೆಯದ ಮೈಯೂ ಅಡ್ಡಿಯಾಗಬಲ್ಲುದು. 2022ರಲ್ಲಿ ಅಟ್ಟಪ್ಪಾಡಿಯ ಆದಿವಾಸಿ ತರುಣನೊಬ್ಬನು ಅರಣ್ಯ ಇಲಾಖೆಯ ಬೀಟ್ ಅಧಿಕಾರಿಯ ಹುದ್ದೆಗೆ ಬೇಕಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದರೂ ಉಬ್ಬುಹಲ್ಲಿನ ಕಾರಣದಿಂದ ಹುದ್ದೆ ತಪ್ಪಿತು. ಬಾಲ್ಯದಲ್ಲಿ ಬಿದ್ದು ಆದ ಊನ. ಸರಿಪಡಿಸಲು ಮನೆಯಲ್ಲಿ ಹಣವಿರಲಿಲ್ಲ. ಕಾಡು ಕಾಯುವುದಕ್ಕೂ ಹಲ್ಲಿನ ಸಾಲಿಗೂ ಏನು ಸಂಬಂಧವೋ ನಾನರಿಯೆ.

ಸೈನ್ಯದ ನಿಯಮವನ್ನು ಆ ಹುಡುಗನೂ ನಾನೂ ಕೂಡಿಯೇ ಓದಿದೆವು. ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಬದಿಯಲ್ಲಿ, ಇಲ್ಲವೆ ಅಂಗೈಯ ಹಿಂಬದಿಯಲ್ಲಿ ಹಚ್ಚೆಯಿರಬಹುದು, ಬೇರೆಡೆ ಇರಕೂಡದು. ಬುಡಕಟ್ಟಿನವರಿಗೆ ತಮ್ಮ ಸಂಪ್ರದಾಯದ ಹಚ್ಚೆಗಳ ಮಟ್ಟಿಗೆ ವಿನಾಯಿತಿಯುಂಟು. ಹುಡುಗನು ಬುಡಕಟ್ಟಿನವನಲ್ಲ. ಅರ್ಜಿ ಹಾಕುವ ಮುನ್ನ ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಮೇಷ್ಟ್ರಾದ ನಾನೂ ಹೇಳಿರಲಿಲ್ಲ. ಲೇಸರಿನಿಂದ ಅಳಿಸಲು ಎಷ್ಟಾಗುವುದೆಂದು ಈಗ ವಿಚಾರಿಸುತ್ತಿದ್ದಾನೆ; ವಯೋಮಿತಿ ಮೀರುವುದರೊಳಗೆ ಆಗಬೇಕು. ಅವನ ಅಜ್ಜಿಗೂ ಕೊರವಂಜಿ ಹುಯ್ದ ಹಚ್ಚೆಯಿದೆ, ರಂಗೋಲಿಯ ಚುಕ್ಕಿಗಳು. ಮೊನ್ನೆ ಆಕೆ ನಗುತ್ತ ತೋಳನ್ನು ನನ್ನ ಮುಂದೆ ಚಾಚಿದರು: ಮುಂಗೈಯ ಒಳಬದಿಯಲ್ಲಿ, ನಿಯಮಕ್ಕೆ ಸರಿಯಾಗಿ.